ಪಗಾರದ ಚೀಟಿ ಇಲ್ಲದವನಿಗೆ ಕಾಲೇಜು ದುಬಾರಿ



ಹನ್ನೆರಡನೆಯ ತರಗತಿಯ ಫಲಿತಾಂಶ ಬಂತೆಂದರೆ ಮುಂಬಯಿಯ ನಮ್ಮ ಖೋಲಿ ಖೋಲಿಗಳಲ್ಲಿ ಒಂದೇ ಮಾತು: "ಹುಡುಗ ಪಾಸಾದ, ಸರಿ, ಕಾಲೇಜಿಗೆ ದುಡ್ಡೆಲ್ಲಿಂದ ತರುವುದು?" ಈ ಪ್ರಶ್ನೆಗೆ ಮೂರು ಕಡೆಯಿಂದ ಮೂರು ಉತ್ತರ ಬರುತ್ತದೆ. ಹೋಟೆಲಿನ ಧಣಿ, "ಓದಿ ಏನು ಕಡಿದು ಹಾಕುತ್ತಾನಯ್ಯ, ಗಲ್ಲಾದಲ್ಲಿ ಕೂರಿಸು" ಎನ್ನುತ್ತಾನೆ. ಬಡ್ಡಿ ವ್ಯಾಪಾರದವನು, "ಎಷ್ಟು ಬೇಕೋ ಅಷ್ಟು ತೆಗೆದುಕೊಂಡು ಹೋಗು" ಎನ್ನುತ್ತಾನೆ. ನಮ್ಮ ಊರ ಸಂಘ, ಜಾತಿ ಸಂಘಗಳ ಮುಖಂಡರು, "ತೊಂಬತ್ತು ಅಂಕ ಬಂದಿದ್ದರೆ ಹೇಳು, ವಾರ್ಷಿಕೋತ್ಸವದಲ್ಲಿ ಶಾಲು ಹೊದಿಸೋಣ" ಎನ್ನುತ್ತಾರೆ. ಕಾಲೇಜಿನ ಫೀಸು ಹೇಗೆ ಗೊತ್ತಾಗುತ್ತದೆ, ಅದರಲ್ಲಿ ನಮಗೆ ಸಲ್ಲಬೇಕಾದ ರಿಯಾಯಿತಿ ಯಾವುದು, ಅದು ನಮ್ಮ ಕೈಗೆ ಏಕೆ ಸಿಗುತ್ತಿಲ್ಲ ಎಂಬುದನ್ನು ಈ ಮೂವರಲ್ಲಿ ಒಬ್ಬನೂ ಹೇಳುವುದಿಲ್ಲ.

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಕಪ್ಪು-ಬಸಿ ತೊಳೆಯಲು ನಿಂತವನು. ಕಾಲೇಜಿನ ಮೆಟ್ಟಿಲು ಹತ್ತಿದ್ದು ನಿಮ್ಮ ಮಕ್ಕಳ ಅರ್ಜಿ ಹಿಡಿದುಕೊಂಡು. ಹಾಗೆ ಹತ್ತಿ ಇಳಿದು ತಿಳಿದುಕೊಂಡ ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಕಾರ್ಮಿಕನ ಮಗುವಿನ ಫೀಸು ಅರ್ಧ ಗೊತ್ತಾಗುವುದು ಕಾಲೇಜಿನ ಆಫೀಸಿನಲ್ಲಿ, ಇನ್ನರ್ಧ ಗೊತ್ತಾಗುವುದು ಧಣಿಯ ಲೆಕ್ಕದ ಪುಸ್ತಕದಲ್ಲಿ.

ವಿಶ್ವವಿದ್ಯಾಲಯ ಯಾರದು?

ಮೊದಲು ಅಂಜಿಕೆ ಬಿಡಬೇಕು. ಮುಂಬಯಿ ವಿಶ್ವವಿದ್ಯಾಲಯ 1857ರಲ್ಲಿ ಹುಟ್ಟಿತು. ಕೋಟೆ ಭಾಗದಲ್ಲಿ ಅದರ ಗ್ರಂಥಾಲಯದ ಮೇಲೆ ನಿಂತ ರಾಜಾಬಾಯಿ ಗಡಿಯಾರ ಗೋಪುರವನ್ನು ನೋಡದ ಮುಂಬಯಿಕರನಿಲ್ಲ. 1878ರಲ್ಲಿ ಮುಗಿದ ಆ ಗೋಪುರಕ್ಕೆ ಹಣ ಕೊಟ್ಟವರು ಹತ್ತಿ ದಲ್ಲಾಳಿ ಪ್ರೇಮಚಂದ ರಾಯಚಂದರು. ಅದಕ್ಕೆ ಇಟ್ಟ ಹೆಸರು ಅವರ ತಾಯಿಯದು. ಹತ್ತಿಯ ಲಾಭದಿಂದ ಗೋಪುರ ಎದ್ದಿತು. ಹತ್ತಿ ಬೆಳೆದವನ, ಹತ್ತಿ ನೂತವನ ಮಕ್ಕಳು ಆ ಗೋಪುರದಲ್ಲಿ ಗಂಟೆ ನೋಡಿಕೊಂಡು ಪಾಳಿಗೆ ಓಡಿದರು.

ಇದನ್ನು ಮೊದಲು ಎತ್ತಿ ಹೇಳಿದವರು ಮಹಾತ್ಮ ಜೋತಿಬಾ ಫುಲೆಯವರು. 1882ರಲ್ಲಿ ಹಂಟರ್ ಶಿಕ್ಷಣ ಆಯೋಗದ ಮುಂದೆ ಅವರು ಮನವಿ ಇಟ್ಟರು. ಸರಕಾರದ ಬೊಕ್ಕಸ ತುಂಬುವುದು ರೈತನ ಬೆವರಿನಿಂದ. ಅದರ ಶಿಕ್ಷಣದ ಫಲ ಉಣ್ಣುವವರು ಮೇಲಿನವರು ಎಂಬುದು ಆ ಮನವಿಯ ತಿರುಳು. ಫುಲೆ ದಂಪತಿಗಳು 1855ರಲ್ಲಿಯೇ ಪುಣೆಯಲ್ಲಿ ದುಡಿಯುವವರಿಗಾಗಿ ರಾತ್ರಿ ಶಾಲೆ ನಡೆಸಿದವರು. ಪರೇಲಿನ ಚಾಳಿನಲ್ಲಿ ಬೆಳೆದ ಅಂಬೇಡ್ಕರರು ಬಡೋದೆಯ ಮಹಾರಾಜರ ವಿದ್ಯಾರ್ಥಿವೇತನದಿಂದ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ, 1913ರಲ್ಲಿ ಕೊಲಂಬಿಯಾಕ್ಕೆ ಹೋದರು. 1946ರಲ್ಲಿ ಇದೇ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜು ತೆರೆದರು. ಅಂಥ ಬುದ್ಧಿವಂತರಿಗೂ ವಿದ್ಯಾರ್ಥಿವೇತನ ಬೇಕಾಯಿತು. ಆದಕಾರಣ ರಿಯಾಯಿತಿ ಕೇಳುವಾಗ ತಲೆ ತಗ್ಗಿಸಬೇಡಿ. ನೀವು ಕೊಳ್ಳುವ ಬೆಂಕಿಪೊಟ್ಟಣದ ಮೇಲೂ ತೆರಿಗೆ ಇದೆ. ಆ ತೆರಿಗೆಯ ಹಣವೇ ಕಾಲೇಜಿನ ಅನುದಾನ.

ಒಂದೇ ಕಟ್ಟಡ, ಬೇರೆ ಬೇರೆ ದರ

ಕಾಲೇಜಿಗೆ ಸೇರುವ ತಮ್ಮ-ತಂಗಿಯರು ಮೊದಲು ಕೇಳಬೇಕಾದ ಪ್ರಶ್ನೆ: "ಈ ಕೋರ್ಸು ಅನುದಾನಿತವೋ, ಅನುದಾನರಹಿತವೋ?" ಹೋಟೆಲಿನಲ್ಲಿ ಕೆಳಗೆ ಒಂದು ದರ, ಮೇಲಿನ ಏರ್‌ಕಂಡೀಶನ್ ಹಾಲಿನಲ್ಲಿ ಇನ್ನೊಂದು ದರ ಇರುವುದಿಲ್ಲವೇ? ಕಾಲೇಜೂ ಹಾಗೆಯೇ. ಒಂದೇ ಕಟ್ಟಡದಲ್ಲಿ ಬಿ.ಎ., ಬಿ.ಕಾಂ., ಬಿ.ಎಸ್‌ಸಿ. ಅನುದಾನಿತ ತುಕಡಿ ಇರುತ್ತದೆ. ಅಲ್ಲಿ ಅಧ್ಯಾಪಕರ ಪಗಾರ ಸರಕಾರದ್ದು, ಫೀಸು ಕಡಿಮೆ. ಪಕ್ಕದ ಕೊಠಡಿಯಲ್ಲಿಯೇ ಹೊಸ ಹೊಸ ಹೆಸರಿನ ಸ್ವಯಂ-ವೆಚ್ಚದ ಕೋರ್ಸುಗಳು. ಅಲ್ಲಿ ಅಧ್ಯಾಪಕರ ಪಗಾರವೂ ವಿದ್ಯಾರ್ಥಿಯ ತಲೆಯ ಮೇಲೆ, ಫೀಸು ಕೆಲವು ಪಟ್ಟು ಹೆಚ್ಚು. ಮೂರನೆಯದು ಮ್ಯಾನೇಜ್‌ಮೆಂಟ್ ಸೀಟು. ಇದರಲ್ಲಿ ಸೇರಿದವನಿಗೆ ಸರಕಾರದ ಶುಲ್ಕ ರಿಯಾಯಿತಿ ಸಾಮಾನ್ಯವಾಗಿ ದೊರೆಯದು. ದಲ್ಲಾಳಿ "ಸೀಟು ಖಾಯಂ" ಎಂದು ಕೊಡಿಸುವುದು ಇದನ್ನೇ. ಎಂಜಿನಿಯರಿಂಗ್, ಫಾರ್ಮಸಿ ಮೊದಲಾದ ವೃತ್ತಿಪರ ಕೋರ್ಸುಗಳಿಗೆ ರಾಜ್ಯದ ಸಿ.ಇ.ಟಿ. ಪರೀಕ್ಷೆ ಬರೆದು, ಕೇಂದ್ರೀಕೃತ ಪ್ರವೇಶದಿಂದಲೇ ಹೋಗಿರಿ. 2024ರಿಂದ ಮಹಾರಾಷ್ಟ್ರದಲ್ಲಿ ಬಿ.ಬಿ.ಎ., ಬಿ.ಸಿ.ಎ., ಬಿ.ಎಂ.ಎಸ್. ಕೋರ್ಸುಗಳಿಗೂ ಸಿ.ಇ.ಟಿ. ಬಂದಿದೆ. ಪರೀಕ್ಷೆಯ ಅರ್ಜಿಯ ತಾರೀಖು ತಪ್ಪಿದವನಿಗೆ ಉಳಿಯುವುದು ದಲ್ಲಾಳಿಯ ಬಾಗಿಲೊಂದೇ.

ಈ ದರಗಳ ಹಿಂದೆ ಒಂದು ಚರಿತ್ರೆ ಇದೆ. ಅದರಲ್ಲಿ ನಮ್ಮ ಕರ್ನಾಟಕದ ಪಾತ್ರ ದೊಡ್ಡದು. 1989ರಲ್ಲಿ ಕರ್ನಾಟಕ ಸರಕಾರ ಖಾಸಗಿ ವೈದ್ಯಕೀಯ ಕಾಲೇಜುಗಳ ವಾರ್ಷಿಕ ಫೀಸು ಗೊತ್ತುಮಾಡಿತು: ಸರಕಾರಿ ಸೀಟಿಗೆ 2,000 ರೂಪಾಯಿ, ಉಳಿದ ಕರ್ನಾಟಕದವರಿಗೆ 25,000ದ ವರೆಗೆ, ಹೊರರಾಜ್ಯದವರಿಗೆ 60,000ದ ವರೆಗೆ. ತುಮಕೂರಿನ ಒಂದು ಕಾಲೇಜಿನಲ್ಲಿ ಸೀಟು ಬಯಸಿದ್ದ ಉತ್ತರ ಪ್ರದೇಶದ ಮೋಹಿನಿ ಜೈನ್ ಅಷ್ಟು ಕೊಡಲಾರೆನೆಂದು ಸುಪ್ರೀಂ ಕೋರ್ಟಿಗೆ ಹೋದರು. 1992ರಲ್ಲಿ ಕೋರ್ಟು, ಕ್ಯಾಪಿಟೇಶನ್ ಫೀ ಎಂಬುದು ವಿದ್ಯೆಯ ಮಾರಾಟವೆಂದು ತೀರ್ಪಿತ್ತಿತು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಕಡಿಮೆ ಫೀಸಿನ ಸೀಟು, ಪೂರ್ಣ ಫೀಸಿನ ಸೀಟು ಎಂದು ಪಾಲು ಮಾಡಿಕೊಟ್ಟಿತು. 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಹನ್ನೊಂದು ನ್ಯಾಯಾಧೀಶರ ಪೀಠ ಆ ವ್ಯವಸ್ಥೆಯನ್ನು ಮುರಿದು, ಖಾಸಗಿ ಕಾಲೇಜುಗಳು ತಮ್ಮ ಫೀಸು ತಾವೇ ಗೊತ್ತುಮಾಡಬಹುದು, ಆದರೆ ಲಾಭಕೋರತನ ಕೂಡದು, ಕ್ಯಾಪಿಟೇಶನ್ ಕೂಡದು ಎಂದಿತು. ಹತ್ತು ವರ್ಷದೊಳಗೆ ಬಡವನ ಸೀಟು ಹೀಗೆ ಕೈಬಿಟ್ಟು ಹೋಯಿತು.

ಆದರೂ ನಿಷೇಧ ಉಳಿದಿದೆ. ಡೊನೇಶನ್ ವಸೂಲಿ ಕರ್ನಾಟಕದಲ್ಲಿ 1984ರ, ಮಹಾರಾಷ್ಟ್ರದಲ್ಲಿ 1987ರ ಕಾನೂನಿನಂತೆ ಅಪರಾಧ. ಮಹಾರಾಷ್ಟ್ರದ ಖಾಸಗಿ ವೃತ್ತಿಪರ ಕಾಲೇಜುಗಳ ಫೀಸಿಗೆ 2015ರ ಕಾನೂನಿನ ಪ್ರಕಾರ ಶುಲ್ಕ ನಿಯಂತ್ರಣ ಪ್ರಾಧಿಕಾರ ಒಪ್ಪಿಗೆ ಕೊಡಬೇಕು. ಕಟ್ಟಡ ನಿಧಿ, ಅಭಿವೃದ್ಧಿ ನಿಧಿ ಎಂದು ಯಾರಾದರೂ ಕೈಯಲ್ಲಿ ದುಡ್ಡು ಕೇಳಿದರೆ ಒಂದೇ ಮಾತು ಹೇಳಿರಿ: "ರಸೀತಿ ಕೊಡಿ." ಬಿಲ್ಲಿಲ್ಲದ ಗಿರಾಕಿಯನ್ನು ಹೊರಗೆ ಬಿಡದ ಹೋಟೆಲಿನಲ್ಲಿ ಬೆಳೆದವರು ನಾವು, ರಸೀತಿಯಿಲ್ಲದೆ ದುಡ್ಡೆಣಿಸಿ ಕೊಡುವುದೆಂದರೇನು?

ನಮಗೆ ಉಳಿದಿರುವ ಒಂದೇ ಬಾಗಿಲು

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಊರಿನಲ್ಲಿ ಪರಿಶಿಷ್ಟ ಜಾತಿಯೆಂದೋ ಹಿಂದುಳಿದ ವರ್ಗವೆಂದೋ ದಾಖಲೆ ಇರುವ ಕಾರ್ಮಿಕ, ಅದೇ ಕಾಗದ ಮುಂಬಯಿಯಲ್ಲಿಯೂ ನಡೆಯುತ್ತದೆಂದು ನಂಬಿಕೊಂಡಿರುತ್ತಾನೆ. ನಡೆಯುವುದಿಲ್ಲ. ಪರೇಲಿನ ಸೇಠ್ ಜಿ.ಎಸ್. ವೈದ್ಯಕೀಯ ಕಾಲೇಜಿನ ಸೀಟಿನ ಸಂಬಂಧವಾಗಿಯೇ ನಡೆದ ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ 1990ರಲ್ಲಿ ಸುಪ್ರೀಂ ಕೋರ್ಟು, ಒಂದು ರಾಜ್ಯದ ಪರಿಶಿಷ್ಟ ಸ್ಥಾನಮಾನ ಇನ್ನೊಂದು ರಾಜ್ಯಕ್ಕೆ ಹೊತ್ತುಕೊಂಡು ಹೋಗಲು ಬರುವುದಿಲ್ಲ ಎಂದು ತೀರ್ಮಾನಿಸಿತು. ಮಹಾರಾಷ್ಟ್ರದ ಜಾತಿ ದಾಖಲೆ ಬೇಕಾದರೆ ಪರಿಶಿಷ್ಟ ಜಾತಿಯವರ ಮನೆತನ 1950ರ ಆಗಸ್ಟ್ 10ರಂದು, ಹಿಂದುಳಿದ ವರ್ಗದವರ ಮನೆತನ 1967ರ ಅಕ್ಟೋಬರ್ 13ರಂದು ಈ ರಾಜ್ಯದಲ್ಲಿ ವಾಸವಿದ್ದುದಕ್ಕೆ ಆಧಾರ ಕೇಳುತ್ತಾರೆ. ಜಾತಿಯ ಹೆಸರೂ ಇಲ್ಲಿನ ಪಟ್ಟಿಯಲ್ಲಿರಬೇಕು. ಗಿರಣಿ ಕಾರ್ಮಿಕರ ಮನೆಯವರು ಇದನ್ನು ಗಮನಿಸಬೇಕು. 1982ರ ಮಹಾ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆದರೆ ಅಜ್ಜನ ಗಿರಣಿಯ ಹಾಜರಿ ಕಾರ್ಡು, ಚಾಳಿನ ಬಾಡಿಗೆ ಚೀಟಿ, ಶಾಲೆಯ ದಾಖಲೆ ಟ್ರಂಕಿನ ತಳದಲ್ಲಿದ್ದರೆ ರದ್ದಿಗೆ ಹಾಕಬೇಡಿ. ಮೊಮ್ಮಗಳ ಫೀಸಿಗೆ ಅದೇ ಆಧಾರವಾದೀತು.

ನಂತರದ ವರ್ಷಗಳಲ್ಲಿ ಉಡುಪಿ, ಕುಂದಾಪುರ, ಕಾರ್ಕಳಗಳಿಂದ ಬಂದ ಹೋಟೆಲ್ ಕಾರ್ಮಿಕನಿಗೆ ಜಾತಿಯ ಬಾಗಿಲು ಮುಚ್ಚಿತು. ಉಳಿದದ್ದು ಆದಾಯದ ಬಾಗಿಲು. ಮಹಾರಾಷ್ಟ್ರದ ವಾಸ ದಾಖಲೆ ಇದ್ದು, ವರ್ಷದ ಕುಟುಂಬ ಆದಾಯ 8 ಲಕ್ಷದೊಳಗಿದ್ದು, ಕೇಂದ್ರೀಕೃತ ಪ್ರವೇಶದಿಂದ ವೃತ್ತಿಪರ ಕೋರ್ಸಿಗೆ ಸೇರಿದ ಸಾಮಾನ್ಯ ವರ್ಗದ ವಿದ್ಯಾರ್ಥಿಗೂ ರಾಜರ್ಷಿ ಶಾಹು ಮಹಾರಾಜರ ಹೆಸರಿನ ಯೋಜನೆಯಲ್ಲಿ ಬೋಧನಾ ಶುಲ್ಕದ ಅರ್ಧ ಸರಕಾರ ಭರಿಸುತ್ತದೆ. ಇದು ಒಂದು ಮನೆಯ ಇಬ್ಬರು ಮಕ್ಕಳಿಗೆ. ಇ.ಡಬ್ಲ್ಯು.ಎಸ್., ಎಸ್.ಇ.ಬಿ.ಸಿ., ಓ.ಬಿ.ಸಿ. ದಾಖಲೆ ಇರುವ ಅದೇ ಆದಾಯದ ಹುಡುಗಿಯರಿಗೆ 2024-25ರಿಂದ ವೃತ್ತಿಪರ ಕೋರ್ಸಿನ ಬೋಧನಾ ಶುಲ್ಕ, ಪರೀಕ್ಷಾ ಶುಲ್ಕ ಪೂರ್ತಿ ಮಾಫಿ. ಬ್ಯಾಂಕಿನ ವಿದ್ಯಾ ಸಾಲದಲ್ಲಿಯೂ ವರ್ಷಕ್ಕೆ 4.5 ಲಕ್ಷದೊಳಗಿನ ಆದಾಯದವರಿಗೆ ವೃತ್ತಿಪರ ಕೋರ್ಸು ಮುಗಿಯುವ ತನಕದ ಬಡ್ಡಿಯನ್ನು ಕೇಂದ್ರ ಸರಕಾರ ಭರಿಸುವ ಯೋಜನೆ ಇದೆ.

ನಮ್ಮಲ್ಲಿ ಯಾವ ಸಪ್ಲೈಯರ್, ಯಾವ ಅಡಿಗೆಯವ, ಯಾವ ಕ್ಲೀನರ್ ವರ್ಷಕ್ಕೆ 8 ಲಕ್ಷ ಪಗಾರ ಎಣಿಸುತ್ತಾನೆ? ಎಲ್ಲರೂ ಇದಕ್ಕೆ ಅರ್ಹರೇ. ಆದರೂ ಎಷ್ಟು ಮಂದಿಗೆ ಸಿಗುತ್ತದೆ? ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತಾಗಿದೆ. ತಹಶೀಲ್ದಾರರ ಆದಾಯ ದಾಖಲೆಗೆ ಪಗಾರದ ಪತ್ರ ಕೇಳುತ್ತಾರೆ, ರೇಷನ್ ಕಾರ್ಡು ಕೇಳುತ್ತಾರೆ. ವಾಸದ ದಾಖಲೆಗೆ ಸಾಮಾನ್ಯವಾಗಿ 15 ವರ್ಷ ಈ ರಾಜ್ಯದಲ್ಲಿದ್ದ ಗುರುತು ಕೇಳುತ್ತಾರೆ. ಇಪ್ಪತ್ತು ವರ್ಷ ಒಂದೇ ಹೋಟೆಲಿನಲ್ಲಿ ದುಡಿದು ಅಲ್ಲೇ ಮಲಗಿದವನ ಬಳಿ ಏನಿದೆ? ರೇಷನ್ ಕಾರ್ಡು ಊರಿನಲ್ಲಿ. ಪಗಾರ ಕೈಯಿಂದ ಕೈಗೆ. ಚೀಟಿ ಇಲ್ಲ, ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ, ಪ್ರಾವಿಡೆಂಟ್ ಫಂಡಿನಲ್ಲಿ ನಂಬರಿಲ್ಲ. ಬಡವನೆಂದು ಊರಿಗೆಲ್ಲ ಗೊತ್ತು. ಸರಕಾರದ ಕಾಗದದಲ್ಲಿ ಮಾತ್ರ ಅವನು ಬಡವನೂ ಅಲ್ಲ, ಕಾರ್ಮಿಕನೂ ಅಲ್ಲ. ಅವನು ತಲಾಠಿಯ ವಿಚಾರಣೆ, ಪ್ರತಿಜ್ಞಾಪತ್ರ ಎಂದು ಅಲೆಯುವಷ್ಟರಲ್ಲಿ ಅರ್ಜಿಯ ತಾರೀಖು ಮುಗಿದಿರುತ್ತದೆ. ಪೂರ್ತಿ ಫೀಸು ಕಟ್ಟುವುದು ಅವನ ಮಗ!

ಧಣಿಗಳ ವಾದವೂ ಅದಕ್ಕೆ ಉತ್ತರವೂ

ಧಣಿಗಳು ಹೇಳುವುದು ಹೀಗೆ: "ನಾವು ಒಂದೇ ಊರಿನವರು, ಅಣ್ಣ-ತಮ್ಮಂದಿರಂತೆ ಇದ್ದೇವೆ, ನಮ್ಮೊಳಗೆ ಕಾಗದಪತ್ರ ಏಕೆ? ನಿನ್ನ ಮಗನ ಫೀಸಿಗೆ ನಾನೇ ಎರಡು ಸಾವಿರ ಕೊಡುತ್ತೇನೆ." ಕೊಡುತ್ತಾರೆ, ನಿಜ. ಸಂಘದ ಪತ್ರಿಕೆಯಲ್ಲಿ ಅವರ ಫೋಟೋ ಸಹ ಬರುತ್ತದೆ. ಆದರೆ ಲೆಕ್ಕ ಹಾಕಿ ನೋಡೋಣ. ವರ್ಷಕ್ಕೆ 80,000 ಬೋಧನಾ ಶುಲ್ಕದ ಕೋರ್ಸೆಂದು ಇಟ್ಟುಕೊಳ್ಳಿ. ಪಗಾರದ ಪತ್ರವಿದ್ದರೆ ಅರ್ಧ, ಅಂದರೆ 40,000 ಉಳಿಯುತ್ತಿತ್ತು. ನಾಲ್ಕು ವರ್ಷಕ್ಕೆ 1,60,000. ಒಂದು ತುಂಡು ಕಾಗದ ಕೊಡದೆ 1,60,000 ಕಳೆದು, ಎರಡು ಸಾವಿರ ದಾನ ಮಾಡುವುದು ಯಾವ ಧರ್ಮ? ನಮಗೆ ದಾನ ಬೇಡ, ದಾಖಲೆ ಬೇಕು.

ಇದು ಬೇಡಿಕೊಳ್ಳುವ ವಿಷಯವೂ ಅಲ್ಲ. 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಅದರ 50ನೆಯ ಕಲಮು ಕೆಲಸಗಾರನಿಗೆ ಪಗಾರದ ಚೀಟಿ ಕೊಡಬೇಕೆನ್ನುತ್ತದೆ. ಅಂದೇ ಜಾರಿಗೆ ಬಂದ ಉಳಿದ ಸಂಹಿತೆಗಳ ಮೇಲೆ ಕಾರ್ಮಿಕ ಸಂಘಟನೆಗಳಿಗೆ ತಕರಾರುಗಳಿವೆ, ಇರಬೇಕಾದದ್ದೇ. ಆದರೆ ನಮ್ಮ ಕೈಗೆ ಸಿಕ್ಕ ಈ ಆಯುಧವನ್ನು ತುಕ್ಕು ಹಿಡಿಯಲು ಬಿಡಬಾರದು.

ಇ.ಎಸ್.ಐ. ವಿಷಯವನ್ನೂ ಕೇಳಿರಿ. ತಿಂಗಳಿಗೆ 21,000ದೊಳಗೆ ಪಗಾರವಿರುವವನನ್ನು ಕಾನೂನು ಅನ್ವಯಿಸುವ ಹೋಟೆಲು ಇ.ಎಸ್.ಐ.ಗೆ ಸೇರಿಸಲೇಬೇಕು. ಇದು ಔಷಧಿಗೆ ಮಾತ್ರ ಎಂದು ತಿಳಿಯಬೇಡಿ. ಇ.ಎಸ್.ಐ. ನಿಗಮ ನಡೆಸುವ ವೈದ್ಯಕೀಯ ಕಾಲೇಜುಗಳಲ್ಲಿ ವಿಮಾದಾರ ಕಾರ್ಮಿಕರ ಮಕ್ಕಳಿಗೆಂದೇ ಸೀಟುಗಳ ಪಾಲು ಇಟ್ಟಿದ್ದಾರೆ. ನೀಟ್ ಪರೀಕ್ಷೆಯ ಅಂಕದ ಮೇಲೆ ಸಿಗುತ್ತದೆ. ಬೆಂಗಳೂರಿನ ರಾಜಾಜಿನಗರದಲ್ಲಿ, ಕಲಬುರಗಿಯಲ್ಲಿ ಅಂಥ ಕಾಲೇಜುಗಳಿವೆ. ವಂತಿಗೆ ಉಳಿಸಲು ಹೆಸರು ಮುಚ್ಚಿಟ್ಟ ಧಣಿ, ಕಾರ್ಮಿಕನ ಮಗಳು ಡಾಕ್ಟರಾಗುವ ದಾರಿಗೇ ಬೀಗ ಹಾಕಿದಂತೆ.

ಓದಿನ ಕಟ್ಟಳೆ

ಇನ್ನು ಓದಿನ ವಿಷಯ. 2020ರ ಹೊಸ ಶಿಕ್ಷಣ ನೀತಿಯಿಂದ ಪದವಿಯ ಲೆಕ್ಕ ಬದಲಾಗಿದೆ. ಈಗ ಕ್ರೆಡಿಟ್ ಎಂಬ ಎಣಿಕೆ: ಒಂದು ವರ್ಷಕ್ಕೆ ಸುಮಾರು 40. ಒಂದು ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟು, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್. "ನಡುವೆ ಬಿಟ್ಟರೂ ಕಾಗದ ಸಿಗುತ್ತದೆ" ಎಂದು ಇದನ್ನು ಹೊಗಳುತ್ತಾರೆ. ಕಾಸುಳ್ಳವರ ಮಕ್ಕಳು ಈ ನಡುಬಾಗಿಲಿನಿಂದ ಹೊರಬರುವುದು ಅಪರೂಪ. ಅದು ತೆರೆದಿರುವುದು ಫೀಸು ತೀರಿಸಲಾಗದ ನಮ್ಮವರಿಗಾಗಿ. ಮಕ್ಕಳೇ, ಒಂದು ವರ್ಷದ ಸರ್ಟಿಫಿಕೇಟನ್ನು ಪದವಿಯೆಂದು ಎಣಿಸಬೇಡಿ. ಬಿಡಲೇಬೇಕಾಗಿ ಬಂದರೆ ಕ್ರೆಡಿಟ್ಟುಗಳು ನಿಮ್ಮ ಹೆಸರಿನ ಕ್ರೆಡಿಟ್ ಬ್ಯಾಂಕ್ ಖಾತೆಯಲ್ಲಿ ಜಮಾ ಆಗಿವೆಯೇ ನೋಡಿಕೊಂಡು ಬಿಡಿ. ಮರಳಿ ಸೇರುವಾಗ ಬೇಕಾಗುತ್ತದೆ.

ಹಾಜರಿ ನೂರಕ್ಕೆ 75 ಇರಬೇಕು. ಬೆಳಗಿನ ಪಾಳಿ ಮುಗಿಸಿ ತೂಕಡಿಸುತ್ತ ಓಡುವ ಹುಡುಗನಿಗೆ ಇದು ಕಠಿಣ. ಆದಕಾರಣ ಸೇರುವ ಮೊದಲೇ ತರಗತಿಯ ವೇಳೆ ಕೇಳಿ, ಬೆಳಗಿನ ಕಾಲೇಜೋ ಮಧ್ಯಾಹ್ನದ್ದೋ ಎಂದು ಪಾಳಿಗೆ ಹೊಂದಿಸಿಕೊಳ್ಳಿ. ಒಂದೆರಡು ವಿಷಯದಲ್ಲಿ ನಪಾಸಾದರೆ ಎ.ಟಿ.ಕೆ.ಟಿ. ಎಂದು ಮುಂದಕ್ಕೆ ಬಿಡುತ್ತಾರೆ. ಅದು ಸಾಲದ ಪುಸ್ತಕದಂತೆ, ತೀರಿಸದಿದ್ದರೆ ಕೊನೆಯ ವರ್ಷ ಕುತ್ತಿಗೆಗೆ ಬರುತ್ತದೆ, ಪ್ರತಿ ಸಲವೂ ಪರೀಕ್ಷಾ ಶುಲ್ಕ ಬೇರೆ. ಕನ್ನಡ ಶಾಲೆಯಿಂದ ಬಂದವರಿಗೆ ಮೊದಲ ಆರು ತಿಂಗಳು ಇಂಗ್ಲಿಷು ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳು. ಹಿಂದಿನ ಬೆಂಚಿಗೆ ಹೋಗಬೇಡಿ, ಗ್ರಂಥಾಲಯಕ್ಕೆ ಹೋಗಿರಿ. ಅದರ ಶುಲ್ಕ ಫೀಸಿನಲ್ಲಿ ಸೇರಿದೆ, ದುಡ್ಡು ಕೊಟ್ಟ ಊಟ ಬಿಟ್ಟು ಏಳಬಾರದು.

ಹಗಲು ದುಡಿಯಲೇಬೇಕಾದವರಿಗೆ ದೂರಶಿಕ್ಷಣ ಇದೆ: 1985ರಲ್ಲಿ ಹುಟ್ಟಿದ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ, 1989ರಲ್ಲಿ ನಾಸಿಕದಲ್ಲಿ ಹುಟ್ಟಿದ ಯಶವಂತರಾವ್ ಚವ್ಹಾಣ ವಿಶ್ವವಿದ್ಯಾಲಯ. ಆದರೆ ಮಾನ್ಯತೆ ನೋಡಿಯೇ ಸೇರಬೇಕು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಂಥ ಸರಕಾರಿ ಸಂಸ್ಥೆಗೇ, ರಾಜ್ಯದ ಹೊರಗೆ ಕೇಂದ್ರಗಳನ್ನು ನಡೆಸಿದ ತಕರಾರಿನಿಂದ, 2013-14ರಿಂದ ಯು.ಜಿ.ಸಿ. ಮಾನ್ಯತೆ ತಪ್ಪಿ 2018ರಲ್ಲಿ ಮರಳಿ ಸಿಕ್ಕಿತು. ನಡುವಿನ ವರ್ಷಗಳ ವಿದ್ಯಾರ್ಥಿಗಳು ಪೇಚಿಗೆ ಬಿದ್ದರು. ಬರಿಯ ಬೋರ್ಡು ಹಾಕಿದ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಯು.ಜಿ.ಸಿ. ಪ್ರಕಟಿಸುತ್ತದೆ. 1956ರ ಯು.ಜಿ.ಸಿ. ಕಾನೂನಿನಂತೆ ಅಂಥವರು ಕೊಟ್ಟ ಡಿಗ್ರಿ ಡಿಗ್ರಿಯೇ ಅಲ್ಲ.

ಊರಿನ ಕಡೆ ಓದಿಸಬೇಕೆನ್ನುವವರಿಗೆ ಕರ್ನಾಟಕದ ಸಿ.ಇ.ಟಿ.ಯಲ್ಲಿ ಹೊರನಾಡ ಕನ್ನಡಿಗ, ಗಡಿನಾಡ ಕನ್ನಡಿಗ ಎಂಬ ಕಲಮುಗಳಿವೆ. ಅದಕ್ಕೊಂದು ಕನ್ನಡ ಪರೀಕ್ಷೆ ಪಾಸಾಗಬೇಕು. ಮನೆಯಲ್ಲಿ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸದೆ ರಾಜ್ಯೋತ್ಸವದ ದಿನ ಮಾತ್ರ ಜೈ ಎನ್ನುವವರು ಇದನ್ನು ನೆನಪಿಡಲಿ.

ಸಾಲ

ನೂರಕ್ಕೆ ತಿಂಗಳಿಗೆ ಮೂರರ ಬಡ್ಡಿಯಲ್ಲಿ ಒಂದು ಲಕ್ಷ ತಂದರೆ ವರ್ಷಕ್ಕೆ 36,000. ಮೂರು ವರ್ಷದ ಪದವಿ ಮುಗಿಯುವಾಗ 1,08,000 ಬಡ್ಡಿಯೇ ಹೋಗಿ, ಅಸಲು ಹಾಗೆಯೇ ನಿಂತಿರುತ್ತದೆ. ಬ್ಯಾಂಕಿನ ವಿದ್ಯಾ ಸಾಲಕ್ಕೆ ವರ್ಷಕ್ಕೆ ನೂರಕ್ಕೆ ಹತ್ತು ಎಂದು ಹಿಡಿದರೆ ಅದೇ ಮೂರು ವರ್ಷಕ್ಕೆ 30,000. ನಾಲ್ಕು ಲಕ್ಷದ ವರೆಗೆ ಆಸ್ತಿಯ ಅಡವು ಬೇಡ. ಖಾತರಿ ನಿಧಿಯ ಯೋಜನೆಯಲ್ಲಿ ಏಳೂವರೆ ಲಕ್ಷದ ವರೆಗೂ ಬೇಡ. ಕೋರ್ಸು ಮುಗಿದು ಒಂದು ವರ್ಷದ ತನಕ ಕಂತು ಕೇಳುವಂತಿಲ್ಲ. ಆದರೆ ಆ ಸಾಲವೂ ಸಾಲವೇ. ಅನುದಾನಿತ ಸೀಟು ಸಿಗುವಾಗ ಹೆಸರಿನ ಮೋಹಕ್ಕೆ ದುಬಾರಿ ಕೋರ್ಸು ಹಿಡಿದು ಸಾಲ ಮಾಡುವುದು, ಸಾಲ ಮಾಡಿ ತುಪ್ಪ ತಿಂದಂತೆ.

ಒಂದು ಕಡೆ ಫೀಸು ಕಟ್ಟಿ, ಇನ್ನೊಂದು ಒಳ್ಳೆಯ ಕಡೆ ಸೀಟು ಸಿಕ್ಕಿದರೆ ಹೆದರಬೇಡಿ. ಯು.ಜಿ.ಸಿ.ಯ 2018ರ ನಿಯಮದಂತೆ ಪ್ರವೇಶದ ಕೊನೆಯ ದಿನಕ್ಕೆ 15 ದಿನ ಮೊದಲೇ ಬಿಟ್ಟರೆ ಪೂರ್ತಿ ಫೀಸು ಹಿಂದಿರುಗಬೇಕು, ಕಚೇರಿ ಖರ್ಚೆಂದು ಅಲ್ಪ ಹಣ ಮಾತ್ರ ಹಿಡಿಯಬಹುದು. ಆ ಮೇಲೆ ಹಂತ ಹಂತವಾಗಿ 90, 80, 50 ಪಾಲು. ಕೊನೆಯ ದಿನ ಕಳೆದು 30 ದಿನವಾದರೆ ಏನೂ ಇಲ್ಲ. ಮೂಲ ಸರ್ಟಿಫಿಕೇಟುಗಳನ್ನು ಕಾಲೇಜು ಒತ್ತೆ ಇಟ್ಟುಕೊಳ್ಳುವಂತಿಲ್ಲ. ತೋರಿಸಿ, ನಕಲು ಕೊಟ್ಟು, ಮೂಲ ಮನೆಗೆ ತನ್ನಿರಿ.

ಶಾಲು ಸಾಕು, ಕೆಲಸ ಬೇಕು

ನಮ್ಮ ಸಂಘ-ಸಂಸ್ಥೆಗಳ ಮುಖಂಡರಿಗೆ ಎರಡು ಮಾತು. ತೊಂಬತ್ತು ಅಂಕದವನಿಗೆ ಶಾಲು ಹೊದಿಸುತ್ತೀರಿ. ಅವನು ನಿಮ್ಮ ಶಾಲಿಲ್ಲದೆಯೂ ದಾರಿ ಕಂಡುಕೊಂಡಾನು. ಐವತ್ತೈದು ಅಂಕ ಪಡೆದು, ಅಪ್ಪನ ಪಗಾರದ ಪತ್ರವಿಲ್ಲದೆ ನಿಂತ ಹುಡುಗಿಗೆ ಏನು ಮಾಡಿದಿರಿ? ಒಂದು ವಾರ್ಷಿಕೋತ್ಸವದ ಮಂಟಪದ ಖರ್ಚಿನಲ್ಲಿ ಮೇ, ಜೂನ್, ಜುಲೈ ಮೂರು ತಿಂಗಳು ಒಂದು ಮೇಜು, ಎರಡು ಕುರ್ಚಿ ಹಾಕಿ, ಅರ್ಜಿ ತುಂಬಿಸುವ ಒಬ್ಬ ಕಾಲೇಜು ಹುಡುಗನನ್ನು ಕೂರಿಸಬಹುದು.

ನಾವು ಒತ್ತಾಯಿಸಬೇಕಾದದ್ದು ನಾಲ್ಕು. ಪ್ರತಿ ಹೋಟೆಲಿನಲ್ಲಿ ತಿಂಗಳು ತಿಂಗಳೂ ಪಗಾರದ ಚೀಟಿ. ಅರ್ಹರೆಲ್ಲರಿಗೂ ಇ.ಎಸ್.ಐ. ನಂಬರು. ಓದುವ ಕಾರ್ಮಿಕನಿಗೆ ತರಗತಿಗೆ ಹೊಂದುವ ಪಾಳಿ, ಪರೀಕ್ಷೆಗೆ ಪಗಾರ ಸಹಿತ ರಜೆ. ಸಂಘದ ಕಚೇರಿಯಲ್ಲಿ ಪ್ರವೇಶದ ಕಾಲಕ್ಕೆ ಸಲಹೆಯ ಮೇಜು.

ಹತ್ತನೆಯ ತರಗತಿಯ ಮಕ್ಕಳ ತಂದೆ-ತಾಯಿಗಳು ಈ ವರ್ಷವೇ ಕೆಲಸ ಶುರು ಮಾಡಬೇಕು. ಹನ್ನೆರಡನೆಯದು ಮುಗಿದ ಮೇಲೆ ಓಡಿದರೆ ಕಾಗದಗಳು ಕೈಗೆ ಬರುವುದಿಲ್ಲ. ಬರುವ ತಿಂಗಳ ಪಗಾರದ ದಿನ, ಹೋಟೆಲಿನ ಎಲ್ಲರೂ ಒಟ್ಟಾಗಿ ಗಲ್ಲಾದ ಮುಂದೆ ನಿಂತು ಕೇಳಿರಿ: "ಪಗಾರ ಎಣಿಸಿಕೊಂಡೆವು, ಈಗ ಚೀಟಿ ಬರೆದುಕೊಡಿ." ಒಬ್ಬನೇ ಕೇಳಿದರೆ ಕೆಲಸ ಹೋದೀತು. ಇಪ್ಪತ್ತು ಜನ ಕೇಳಿದರೆ ಚೀಟಿ ಬರುತ್ತದೆ.